ಮಾಗಡಿ ಕೆರೆ
ಮಳೆಯನ್ನೇ ನಂಬಿದ ಬಯಲುಸೀಮೆಯಿದು; ನೀರು ಹಿಡಿದಿಡಲೇಬೇಕು. ಹಳೆಯ ಪುಲಿಗೆರೆಯಾದ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಆವರಣದಲ್ಲೇ ಮೆಟ್ಟಿಲುಬಾವಿಯಿದೆ. ಅಲ್ಲಿಗೆ ಸಮೀಪದ ಈ ಕೆರೆಯನ್ನು ಕಟ್ಟಿದ್ದು ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲು. ಹೆಸರು ತಂದುಕೊಟ್ಟದ್ದು ಮಾತ್ರ ಹಕ್ಕಿಗಳು!

ಚಳಿಗಾಲದಲ್ಲಿ ಹಿಮಾಲಯ ದಾಟಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು: ಗುರುತು ಇಷ್ಟೇ. ಮೇವು ಸುತ್ತಲಿನ ಹೊಲಗಳಲ್ಲಿ. ಬಿಸಿಲೇರಿದ ಮೇಲೆ ವಿಶ್ರಾಂತಿ ಕೆರೆಯಲ್ಲಿ. ಒಟ್ಟು 166ಕ್ಕೂ ಹೆಚ್ಚು ಜಾತಿಯ ಪಕ್ಷಿಗಳು ಇಲ್ಲಿ ದಾಖಲಾಗಿವೆ.

ಸುಮಾರು 50 ಹೆಕ್ಟೇರಿನ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಅಂದರೆ ರಾಮ್‌ಸರ್ ತಾಣಗಳ ಪಟ್ಟಿ ಸೇರಿತು. ಕೆರೆ ತುಂಬಿದರೆ ಆಸುಪಾಸಿನ ಬಾವಿಗಳಿಗೂ ಒರತೆ.

ಹಕ್ಕಿ ನೋಡಲು ದುರ್ಬೀನು ತನ್ನಿ. ಹತ್ತಿರ ಹೋದರೆ ಹಿಂಡೆಲ್ಲ ಎದ್ದುಬಿಡುತ್ತದೆ.