ಜೋಡಿ ಸುತ್ತಿನ ಕಲಿಕೆ

ಜೋಡಿ ಸುತ್ತಿನ ಕಲಿಕೆ ಎಂಬುದು ಸಂಸ್ಥೆಯೊಂದು ತನ್ನ ತಪ್ಪನ್ನು ತಿದ್ದಿಕೊಳ್ಳುವುದರ ಜೊತೆಗೆ, ಆ ತಪ್ಪಿಗೆ ಎಡೆಮಾಡಿಕೊಟ್ಟ ನಿಯಮ, ಗುರಿ ಹಾಗೂ ನಂಬಿಕೆಗಳನ್ನೂ ಪ್ರಶ್ನಿಸಿ ಬದಲಿಸಿಕೊಳ್ಳುವ ಕ್ರಮವಾಗಿದೆ. ಇಂಗ್ಲಿಷಿನಲ್ಲಿ ಇದನ್ನು 'ಡಬಲ್ ಲೂಪ್ ಲರ್ನಿಂಗ್' ಎನ್ನುತ್ತಾರೆ. ಅಮೆರಿಕದ ವಿದ್ವಾಂಸರಾದ ಕ್ರಿಸ್ ಆರ್ಗಿರಿಸ್ (1923–2013) ಮತ್ತು ಡೊನಾಲ್ಡ್ ಶಾನ್ (1930–1997) 1970ರ ದಶಕದಲ್ಲಿ ಈ ಪರಿಕಲ್ಪನೆಯನ್ನು ರೂಪಿಸಿದರು. 1974 ಮತ್ತು 1978ರಲ್ಲಿ ಪ್ರಕಟವಾದ ಅವರ ಜಂಟಿ ಕೃತಿಗಳಲ್ಲಿ ಇದರ ವಿವರಣೆಯಿದೆ.

ಪರಿಕಲ್ಪನೆ

ಆರ್ಗಿರಿಸ್ ನೀಡಿದ ಪ್ರಸಿದ್ಧ ಉದಾಹರಣೆ ಥರ್ಮೋಸ್ಟಾಟ್. ಕೋಣೆಯ ಉಷ್ಣತೆ ನಿಗದಿತ ಮಟ್ಟಕ್ಕಿಂತ ಇಳಿದರೆ ಅದು ಶಾಖಯಂತ್ರವನ್ನು ಚಾಲನೆಗೊಳಿಸುತ್ತದೆ, ಏರಿದರೆ ನಿಲ್ಲಿಸುತ್ತದೆ. ಇದು ಒಂಟಿ ಸುತ್ತಿನ ಕಲಿಕೆ. ಆ ಮಟ್ಟವನ್ನೇ ಏಕೆ ಗೊತ್ತುಪಡಿಸಲಾಗಿದೆ ಎಂದು ಕೇಳಲು ಸಾಧ್ಯವಾದರೆ ಅದು ಜೋಡಿ ಸುತ್ತಿನ ಕಲಿಕೆಯಾಗುತ್ತದೆ. ದಿನನಿತ್ಯದ ಕೆಲಸಗಳಿಗೆ ಮೊದಲನೆಯದು ಸಾಕು; ನಿಯಮವೇ ದೋಷಪೂರ್ಣವಾಗಿದ್ದಾಗ ಎರಡನೆಯದು ಅನಿವಾರ್ಯ.

ನಾಸಾದ ಅನುಭವ

ಈ ವ್ಯತ್ಯಾಸವನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಎರಡು ದುರಂತಗಳು ಸ್ಪಷ್ಟಪಡಿಸುತ್ತವೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆಯು ಉಡಾವಣೆಯಾದ 73 ಸೆಕೆಂಡುಗಳಲ್ಲಿ ನಾಶವಾಗಿ ಏಳು ಮಂದಿ ಮೃತಪಟ್ಟರು. ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರ್ ಉಂಗುರವು ಚಳಿಗೆ ಗಡುಸಾಗಿ ಬಿಸಿ ಅನಿಲವನ್ನು ತಡೆಯದೆ ಹೋದದ್ದು ಇದಕ್ಕೆ ಕಾರಣ. ಹಿಂದಿನ ಹಾರಾಟಗಳಲ್ಲಿಯೂ ಇಂತಹ ಉಂಗುರಗಳು ಸವೆದಿದ್ದವು. ನೌಕೆ ಸುರಕ್ಷಿತವಾಗಿ ಮರಳಿದಂತೆಲ್ಲ ಆ ಸವೆತವನ್ನು ಸಹಜವೆಂದು ಒಪ್ಪಿಕೊಳ್ಳಲಾಯಿತು. ದುರಂತದ ನಂತರ ಕೀಲಿನ ವಿನ್ಯಾಸವನ್ನು ಬದಲಿಸಿ 1988ರ ಸೆಪ್ಟೆಂಬರಿನಲ್ಲಿ ಹಾರಾಟವನ್ನು ಪುನರಾರಂಭಿಸಲಾಯಿತು.

ಕೀಲು ಸರಿಹೋದರೂ ದೋಷವನ್ನು ಸಹಜವೆಂದು ಎಣಿಸುವ ರೂಢಿ ಉಳಿಯಿತು. ಇಂಧನ ತೊಟ್ಟಿಯ ಹೊರಮೈಯ ನೊರೆ ಹೊದಿಕೆಯ ತುಣುಕುಗಳು ಕಳಚಿ ನೌಕೆಗೆ ಬಡಿಯುವುದು ವಿನ್ಯಾಸದ ನಿಯಮಕ್ಕೆ ವಿರುದ್ಧವಾಗಿತ್ತು. ಆದರೂ ಅದನ್ನು ದುರಸ್ತಿಯ ವಿಷಯವೆಂದಷ್ಟೇ ಪರಿಗಣಿಸಲಾಗುತ್ತಿತ್ತು. 2003ರ ಜನವರಿ 16ರಂದು ಅಂತಹ ತುಣುಕೊಂದು ಕೊಲಂಬಿಯಾ ನೌಕೆಯ ಎಡರೆಕ್ಕೆಗೆ ಬಡಿಯಿತು. ರೆಕ್ಕೆಯ ಚಿತ್ರಗಳನ್ನು ತೆಗೆಸಬೇಕೆಂಬ ಎಂಜಿನಿಯರುಗಳ ಕೋರಿಕೆ ಈಡೇರಲಿಲ್ಲ. ಫೆಬ್ರವರಿ 1ರಂದು ವಾತಾವರಣವನ್ನು ಮರುಪ್ರವೇಶಿಸುವಾಗ ನೌಕೆ ಛಿದ್ರವಾಗಿ, ಭಾರತ ಸಂಜಾತೆ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಮೃತಪಟ್ಟರು.

ದುರಂತಕ್ಕೆ ನೊರೆಯ ತುಣುಕಿನಷ್ಟೇ ಸಂಸ್ಥೆಯ ಸಂಸ್ಕೃತಿಯೂ ಕಾರಣವೆಂದು ತನಿಖಾ ಮಂಡಳಿ ಹೇಳಿತು. ಹಾರಾಟ ಸುರಕ್ಷಿತವೆಂದು ಸಾಬೀತುಪಡಿಸುವುದರ ಬದಲಿಗೆ, ಅದು ಅಸುರಕ್ಷಿತವೆಂದು ಸಾಬೀತುಪಡಿಸುವ ಹೊಣೆ ಎಂಜಿನಿಯರುಗಳ ಮೇಲೆ ಬಿದ್ದಿತ್ತು ಎಂಬುದನ್ನೂ ಅದು ಗುರುತಿಸಿತು.

ಅಡ್ಡಿಗಳು

ಆರ್ಗಿರಿಸ್ ಮತ್ತು ಶಾನ್ ಅವರು ಜನರು ತಾವು ಪಾಲಿಸುವುದಾಗಿ ಹೇಳುವ ತತ್ತ್ವವನ್ನೂ ವಾಸ್ತವದಲ್ಲಿ ಅನುಸರಿಸುವ ತತ್ತ್ವವನ್ನೂ ಪ್ರತ್ಯೇಕಿಸಿದರು. ನುಡಿ ಮತ್ತು ನಡೆಗಳ ನಡುವಿನ ಈ ಅಂತರ ಅನೇಕ ವೇಳೆ ಸ್ವತಃ ಆ ವ್ಯಕ್ತಿಗಳ ಅರಿವಿಗೇ ಬರುವುದಿಲ್ಲ. ಮುಜುಗರ ಅಥವಾ ಅಪಾಯ ಎದುರಾದಾಗ ಜನರು ವಿಷಯವನ್ನು ಮರೆಮಾಚುತ್ತಾರೆ. ಮರೆಮಾಚಿದ್ದನ್ನು ಚರ್ಚಿಸುವುದೂ ನಿಷಿದ್ಧವಾಗುತ್ತದೆ. ಆರ್ಗಿರಿಸ್ ಇದನ್ನು ಆತ್ಮರಕ್ಷಣೆಯ ವಾಡಿಕೆಗಳೆಂದು ಕರೆದರು. ಸೋಲನ್ನು ಹೆಚ್ಚಾಗಿ ಕಾಣದ ಸುಶಿಕ್ಷಿತ ವೃತ್ತಿಪರರಿಗೆ ಇಂತಹ ಕಲಿಕೆ ವಿಶೇಷವಾಗಿ ಕಠಿಣವೆಂಬುದು 1991ರ ಲೇಖನವೊಂದರಲ್ಲಿ ಅವರು ಮಂಡಿಸಿದ ಅಭಿಪ್ರಾಯ.