ಕಂಪ್ಯೂಟರ್ ಮುಂದೆ ಬಾಗುವ ಬೆನ್ನಿಗೆ ‘ಹಿಮ್ಮಾಹಿತಿ’ಯ ಮದ್ದು

ದಿನಕ್ಕೆ ಎಂಟು-ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕುಳಿತು ದುಡಿಯುವವರಿಗೆ ಕುತ್ತಿಗೆ, ಭುಜ ಹಾಗೂ ಸೊಂಟದ ನೋವು ಹೊಸದೇನಲ್ಲ. ‘ನೆಟ್ಟಗೆ ಕುಳಿತುಕೊಳ್ಳಿ’ ಎಂಬ ಬುದ್ಧಿಮಾತಿಗೂ ಬರವಿಲ್ಲ. ಆದರೂ ಬೆಳಗ್ಗೆ ನೆಟ್ಟಗಿದ್ದ ಬೆನ್ನು ಮಧ್ಯಾಹ್ನದ ವೇಳೆಗೆ ಬಾಗಿರುತ್ತದೆ. ಮುಖ ಪರದೆಯತ್ತ ಚಾಚಿಕೊಂಡಿರುತ್ತದೆ. ಇಲ್ಲಿ ಕೊರತೆ ಇರುವುದು ತಿಳಿವಳಿಕೆಯದಲ್ಲ, ಬೆನ್ನು ಬಾಗಿದ ಹೊತ್ತಿನಲ್ಲಿಯೇ ಅದನ್ನು ತಿಳಿಸುವ ವ್ಯವಸ್ಥೆಯದು. ಇಂತಹ ವ್ಯವಸ್ಥೆಯನ್ನೇ ‘ಫೀಡ್‌ಬ್ಯಾಕ್’ ಅಥವಾ ಹಿಮ್ಮಾಹಿತಿ ಎನ್ನಲಾಗುತ್ತದೆ.

ಬಾಗಿದ್ದು ತಿಳಿಯದೇಕೆ?

ದೇಹದ ಯಾವ ಅಂಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಸ್ನಾಯು ಹಾಗೂ ಕೀಲುಗಳು ಮಿದುಳಿಗೆ ತಿಳಿಸುತ್ತಲೇ ಇರುತ್ತವೆ. ಆದರೆ ಗಮನವೆಲ್ಲ ಕೆಲಸದಲ್ಲಿ ನೆಟ್ಟಿರುವಾಗ, ನಿಧಾನವಾಗಿ ಆಗುವ ಬದಲಾವಣೆ ಅರಿವಿಗೆ ಬರುವುದಿಲ್ಲ. ಇನ್ನೊಂದು ಕಾರಣವೂ ಉಂಟು. ಕುಗ್ಗಿ ಕುಳಿತರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ನೋವು ಕಾಣಿಸಿಕೊಳ್ಳುವುದು ಗಂಟೆಗಳ, ಕೆಲವೊಮ್ಮೆ ತಿಂಗಳುಗಳ ನಂತರ. ಸುಖ ಕೂಡಲೇ ಸಿಕ್ಕು ದಂಡ ತಡವಾಗಿ ಬಂದಾಗ, ಅಭ್ಯಾಸವು ಸುಖದ ಕಡೆಗೇ ವಾಲುತ್ತದೆ. ಈ ಅಂತರವನ್ನು ಕಡಿಮೆ ಮಾಡುವುದೇ ಹಿಮ್ಮಾಹಿತಿಯ ಕೆಲಸ.

ಸಂಶೋಧನೆ ಏನು ಹೇಳುತ್ತದೆ?

ಈ ಪ್ರಯತ್ನಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ನೇಥನ್ ಆಜ್ರಿನ್ ಮತ್ತು ಸಂಗಡಿಗರು, ಬೆನ್ನು ಬಾಗಿದಾಗ ಸದ್ದು ಮಾಡುವ, ಮೈಮೇಲೆ ಧರಿಸಬಹುದಾದ ಉಪಕರಣವೊಂದರ ಕುರಿತು 1968ರಲ್ಲಿ ವರದಿ ಪ್ರಕಟಿಸಿದರು. 25 ವಯಸ್ಕರು ಅದನ್ನು ಎಂದಿನ ಕೆಲಸದ ವೇಳೆಯಲ್ಲಿ ಧರಿಸಿದ್ದರು. ಸದ್ದು ಚಾಲನೆಯಲ್ಲಿದ್ದ ಅವಧಿಯಲ್ಲಿ ಅವರೆಲ್ಲರಲ್ಲಿಯೂ ಬಾಗುವಿಕೆ ಕಡಿಮೆಯಾಯಿತು.

2004ರಲ್ಲಿ ಅಲಿಸಿಯಾ ಆಲ್ವೆರೋ ಮತ್ತು ಜಾನ್ ಆಸ್ಟಿನ್ ಪ್ರಕಟಿಸಿದ ಅಧ್ಯಯನವು ಮತ್ತೊಂದು ಕುತೂಹಲಕರ ಸಂಗತಿಯನ್ನು ಹೊರಗೆಡಹಿತು. ಇನ್ನೊಬ್ಬರು ಕೆಲಸ ಮಾಡುವ ವಿಡಿಯೊ ನೋಡಿ, ಅವರ ಭಂಗಿಯ ಸರಿ-ತಪ್ಪುಗಳನ್ನು ಗುರುತು ಹಾಕಿದವರ ಸ್ವಂತ ಭಂಗಿಯೂ ಸುಧಾರಿಸಿತ್ತು. ಪರರ ಬೆನ್ನು ನೋಡುವ ಕಣ್ಣು ತನ್ನ ಬೆನ್ನನ್ನೂ ತಿದ್ದಿತು.

2008ರಲ್ಲಿ ಸಿಗುರ್ಡ್ಸನ್ ಮತ್ತು ಆಸ್ಟಿನ್, ಕಚೇರಿಯನ್ನು ಹೋಲುವ ಕೊಠಡಿಯಲ್ಲಿ 8 ಮಂದಿಯ ಮೇಲೆ ಪ್ರಯೋಗ ನಡೆಸಿದರು. ಸುರಕ್ಷಿತ ಭಂಗಿಯನ್ನು ಗುರುತಿಸುವ ತರಬೇತಿ, ತಮ್ಮ ಭಂಗಿಯನ್ನು ಆ ಕ್ಷಣದಲ್ಲಿಯೇ ಕಣ್ಣಾರೆ ಕಾಣುವ ಅವಕಾಶ ಹಾಗೂ ಸ್ವಯಂ ದಾಖಲಾತಿ, ಈ ಮೂರನ್ನೂ ಒಟ್ಟಿಗೆ ನೀಡಿದಾಗ ಗಣನೀಯ ಸುಧಾರಣೆ ಕಂಡುಬಂದಿತು. ಮೂರೂ ಜತೆಗೂಡಿದ್ದರಿಂದ, ಯಶಸ್ಸಿನ ಪಾಲು ಯಾವುದಕ್ಕೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಮೊದಲು ಮೇಜು, ಆಮೇಲೆ ಬೆನ್ನು

ಮೇಜು-ಕುರ್ಚಿಯೇ ಹೊಂದದಿದ್ದರೆ ಯಾವ ಎಚ್ಚರಿಕೆಯೂ ಫಲ ನೀಡದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ‘ಓಷಾ’ದ ಮಾರ್ಗಸೂಚಿಯಂತೆ ಪರದೆಯು ಕಣ್ಣಿನಿಂದ 20ರಿಂದ 40 ಇಂಚು ದೂರದಲ್ಲಿರಬೇಕು, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಬೇಕು. ಮೊಣಕೈ 90ರಿಂದ 120 ಡಿಗ್ರಿ ಕೋನದಲ್ಲಿ ಮಡಚಿರಬೇಕು. ಪಾದಗಳಿಗೆ ನೆಲದ ಅಥವಾ ಕಾಲುಮಣೆಯ ಆಧಾರ ಬೇಕು. ಪರದೆ ಮತ್ತು ಕೀಲಿಮಣೆ ಅಂಟಿಕೊಂಡೇ ಇರುವ ಲ್ಯಾಪ್‌ಟಾಪ್‌ನಲ್ಲಿ ಇದು ಅಸಾಧ್ಯ. ಆದ್ದರಿಂದ ಅದನ್ನು ಎತ್ತರದಲ್ಲಿರಿಸಿ, ಪ್ರತ್ಯೇಕ ಕೀಲಿಮಣೆ ಮತ್ತು ಮೌಸ್ ಬಳಸುವುದು ಲೇಸು.

ಅನುಸರಿಸುವ ಬಗೆ

* ಕುತ್ತಿಗೆ, ಭುಜ, ಬೆನ್ನು, ಮಣಿಕಟ್ಟು, ಪಾದ ಎಂದು ಐದು ಅಂಶಗಳ ಪಟ್ಟಿ ಮಾಡಿಕೊಳ್ಳಬೇಕು.
* ಮೊಬೈಲ್‌ನಲ್ಲಿ ಅನಿಯತ ಅಂತರದ ಗಂಟೆ ಇರಿಸಿ, ಅದು ಮೊಳಗಿದಾಗ ಭಂಗಿ ಸರಿಪಡಿಸಿಕೊಳ್ಳುವ ಮೊದಲೇ ಇದ್ದಂತೆ ಗುರುತು ಹಾಕಬೇಕು.
* ಪಕ್ಕದಿಂದ ಕಾಣುವಂತೆ ಕನ್ನಡಿ ಅಥವಾ ಕ್ಯಾಮೆರಾ ಇಟ್ಟುಕೊಂಡರೆ ಬೆನ್ನಿನ ಬಾಗು ಸ್ಪಷ್ಟವಾಗುತ್ತದೆ. ಬಾಗಿದಾಗ ಕಂಪಿಸುವ ಉಪಕರಣಗಳೂ ಮಾರುಕಟ್ಟೆಯಲ್ಲಿವೆ.
* ಸಹೋದ್ಯೋಗಿಗಳಿಬ್ಬರು ಪರಸ್ಪರ ಗಮನಿಸಿ ತಿಳಿಸಬಹುದು. ತಪ್ಪನ್ನು ಎತ್ತಿ ಆಡುವುದಕ್ಕಿಂತ ಸರಿಯಿದ್ದುದನ್ನು ಹೇಳುವುದು ಒಳಿತು.
* ಸುಧಾರಣೆ ಕಂಡಂತೆ ಎಚ್ಚರಿಕೆಗಳ ಸಂಖ್ಯೆಯನ್ನು ಇಳಿಸುತ್ತ ಬರಬೇಕು. ಸದ್ದು ನಿಂತೊಡನೆ ಹಳೆಯ ಚಾಳಿಗೆ ಮರಳದಂತೆ ಇದು ನೋಡಿಕೊಳ್ಳುತ್ತದೆ.

ಎಚ್ಚರವೂ ಅಗತ್ಯ

ಕಚೇರಿಗಳು ಇದನ್ನು ಜಾರಿಗೆ ತರುವುದಾದರೆ, ಮಾಹಿತಿ ತಲುಪಬೇಕಾದುದು ಉದ್ಯೋಗಿಗೇ ಹೊರತು ಮೇಲಧಿಕಾರಿಗಲ್ಲ. ಕ್ಯಾಮೆರಾ ಕಾವಲಾಗಿ ಮಾರ್ಪಟ್ಟರೆ ಬೆನ್ನು ಬಿಗಿಯುತ್ತದೆಯೇ ವಿನಾ ಸುಧಾರಿಸುವುದಿಲ್ಲ.

ಭಂಗಿ ಸುಧಾರಿಸಿದಾಕ್ಷಣ ನೋವೆಲ್ಲ ಮಾಯವಾಗುತ್ತದೆಂಬ ಖಾತರಿಯೂ ಇಲ್ಲ. ನೋವಿಗೆ ಕೆಲಸದ ಒತ್ತಡ, ನಿದ್ರೆ, ವ್ಯಾಯಾಮದ ಕೊರತೆಯೂ ಕಾರಣವಾಗಬಲ್ಲವು. ಎಷ್ಟೇ ಉತ್ತಮ ಭಂಗಿಯಾದರೂ ಗಂಟೆಗಟ್ಟಲೆ ಕದಲದೆ ಕುಳಿತರೆ ಸ್ನಾಯುಗಳು ದಣಿಯುತ್ತವೆ. ಹೀಗಾಗಿ ಗಂಟೆ ಮೊಳಗಿದಾಗ ನೆಟ್ಟಗಾಗುವುದರ ಜತೆಗೆ, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯುವುದೂ ಮುಖ್ಯ. ಕೈ ಜೋಮು ಹಿಡಿಯುವುದು, ಹಿಡಿತ ಸಡಿಲಗೊಳ್ಳುವುದು ಅಥವಾ ನೋವು ವಾರಗಟ್ಟಲೆ ಉಳಿಯುವುದು ಕಂಡುಬಂದಲ್ಲಿ ವೈದ್ಯರನ್ನು ಕಾಣುವುದೇ ಸೂಕ್ತ.