ರೆಸಿಡೆನ್ಸಿಯ ಬೇಗಂ, ಲಂಡನ್ನಿನ ಕಿಟ್ಟಿ

ಹೈದರಾಬಾದಿನ ಕೋಠಿಯ ಈ ರೆಸಿಡೆನ್ಸಿ ಭವನವನ್ನು ಬ್ರಿಟಿಷ್ ಪ್ರತಿನಿಧಿ (ರೆಸಿಡೆಂಟ್) ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 19ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಾದರೂ ಇದಕ್ಕೆ ಹಣ ಕೊಟ್ಟವನು ಹೈದರಾಬಾದಿನ ನಿಜಾಮ.

ಹೈದರಾಬಾದಿನ ಕುಲೀನ ಸಯ್ಯದ್ ಮನೆತನದ ಖೈರುನ್ನೀಸಾಳನ್ನು ಜೇಮ್ಸ್ ಪ್ರೀತಿಸಿದ. ಆಕೆಗೆ ಆಗಲೇ ಬೇರೆ ಕಡೆ ಸಂಬಂಧ ಗೊತ್ತಾಗಿತ್ತು. ಆದರೂ ಇಸ್ಲಾಂ ಸ್ವೀಕರಿಸಿ ನಿಕಾಹ್ ಮಾಡಿಕೊಂಡ. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸಂಬಂಧದ ಬಗ್ಗೆ ವಿಚಾರಣೆ ನಡೆಸಿದ. ಪರ್ದಾದಲ್ಲಿದ್ದ ಬೇಗಂಗಾಗಿ ಹಿಂಭಾಗದಲ್ಲಿ ರಂಗಮಹಲ್ ಎದ್ದಿತು.

1805ರಲ್ಲಿ ದಂಪತಿಯ ಮಕ್ಕಳಿಬ್ಬರನ್ನೂ ಇಂಗ್ಲೆಂಡಿಗೆ ಕಳಿಸಲಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಜೇಮ್ಸ್ ಕಲ್ಕತ್ತೆಯಲ್ಲಿ ತೀರಿಕೊಂಡ. ತಾಯಿ ಮಕ್ಕಳನ್ನು ಮತ್ತೆ ನೋಡಲಿಲ್ಲ.

ಮಗಳು ಸಾಹಿಬ್ ಬೇಗಂ ಅಲ್ಲಿ ಕಿಟ್ಟಿಯಾದಳು. 1824ರಲ್ಲಿ ಲಂಡನ್ನಿನಲ್ಲಿ ಆಕೆಯನ್ನು ಕಂಡ, ಮುಂದೆ ಲೇಖಕನಾದ ಥಾಮಸ್ ಕಾರ್ಲೈಲ್ ಕಲ್ಲುಕೆಲಸದವನ ಮಗ. ಆಕೆಯ ಬಂಧುಗಳಾದ ಬುಲ್ಲರ್ ಕುಟುಂಬದ ಮನೆಪಾಠದ ಮೇಷ್ಟ್ರು. ಅವನ ಸಂಬಳ ವರ್ಷಕ್ಕೆ 200 ಪೌಂಡ್. ಆಕೆಯ ಆಸ್ತಿ ಸುಮಾರು 50,000 ಪೌಂಡ್ ಎಂದು ಮುಂದೆ ಅವನೇ ನೆನಪಿಸಿಕೊಂಡ. ಇಬ್ಬರಲ್ಲೂ ಸ್ನೇಹ ಬೆಳೆಯಿತು, ಮದುವೆಯ ಮಾತು ಬೆಳೆಯಲಿಲ್ಲ. ಅವನು 1826ರಲ್ಲಿ ಜೇನ್ ವೆಲ್ಷ್‌ಳನ್ನು ಮದುವೆಯಾದ. ಕಿಟ್ಟಿ 1829ರಲ್ಲಿ ಸೈನ್ಯಾಧಿಕಾರಿಯೊಬ್ಬನ ಕೈಹಿಡಿದಳು.

ಕಾರ್ಲೈಲ್‌ನ ಕಾದಂಬರಿ ‘ಸಾರ್ಟರ್ ರಿಸಾರ್ಟಸ್’ 1833–34ರಲ್ಲಿ ಪತ್ರಿಕೆಯೊಂದರಲ್ಲಿ ಕಂತುಗಳಾಗಿ ಬಂತು. ಅದರ ನಾಯಕ ಬಡವ. ಅವನು ಮೆಚ್ಚಿದ ಬ್ಲೂಮಿನ್ ಮೇಲ್ವರ್ಗದ ಒಡನಾಟದವಳು, ಕೊನೆಗೆ ಅವನ ಗೆಳೆಯನನ್ನೇ ವರಿಸುತ್ತಾಳೆ. ಬ್ಲೂಮಿನ್ ಎಂದರೆ ಕಿಟ್ಟಿಯೇ ಎಂದು ಹಲವರು ನಂಬಿದರು. ಕಾರ್ಲೈಲ್ ಹಿಂದೆ ಮೆಚ್ಚಿದ್ದ ಮಾರ್ಗರೆಟ್ ಗಾರ್ಡನ್ ಎಂಬಾಕೆಯತ್ತ ಬೆರಳು ತೋರುವ ವಿಮರ್ಶಕರೂ ಇದ್ದಾರೆ.

1949ರಲ್ಲಿ ರೆಸಿಡೆನ್ಸಿಯ ಈ ಆವರಣಕ್ಕೆ ಮಹಿಳಾ ಕಾಲೇಜು ಬಂತು. ಪರ್ದಾದಲ್ಲಿದ್ದ ಬೇಗಂ ನೋಡಲೆಂದು ಭವನದ ಪುಟ್ಟ ಪ್ರತಿರೂಪವೊಂದನ್ನು ಜೇಮ್ಸ್ ಮಾಡಿಸಿದನೆಂಬ ಪ್ರತೀತಿಯಿದೆ. ಅದು ಹಿಂದಿನ ತೋಟದ ಕಡೆಗಿದೆ, ನೋಡಲು ಮರೆಯದಿರಿ.